ಸ್ಥೂಲಕಾಯದ ಶಸ್ತ್ರಚಿಕಿತ್ಸೆಯೂ ಮದ್ಯಪಾನವೂ

ದೇಹದ ಒಂದು ಅಂಗವನ್ನು ಮಾರ್ಪಡಿಸಿದರೆ ಅದರ ಪರಿಣಾಮವು ಆ ಅಂಗವೊಂದರಲ್ಲೇ ನಿಲ್ಲುವುದಿಲ್ಲ. ಅತಿಸ್ಥೂಲಕಾಯದ ನಿವಾರಣೆಗಾಗಿ ಜಠರದ ಮೇಲೆ ನಡೆಸುವ ಶಸ್ತ್ರಚಿಕಿತ್ಸೆಯು ಇದಕ್ಕೆ ಒಳ್ಳೆಯ ನಿದರ್ಶನ. ಈ ಚಿಕಿತ್ಸೆ ಪಡೆದವರಲ್ಲಿ ಕೆಲವರು ಒಂದೆರಡು ವರ್ಷ ಕಳೆದ ಮೇಲೆ ಮದ್ಯಕ್ಕೆ ವಶರಾಗುವುದನ್ನು ವೈದ್ಯರು ಗಮನಿಸಿದ್ದಾರೆ. ಊಟದ ಚಪಲವಿದ್ದವರಿಗೆ ಈಗ ಕುಡಿತದ ಚಪಲ ಹತ್ತಿತೆಂದು ಜನರು ಆಡಿಕೊಳ್ಳುವುದುಂಟು. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ವಿಚಾರಮಾಡೋಣ.

ಮೊದಲು ಶಸ್ತ್ರಕ್ರಿಯೆಯ ಸ್ವರೂಪವನ್ನು ನಾವು ತಿಳಿಯಬೇಕು. ಜಠರವನ್ನು ಬಳಸಿ ಹೋಗುವ ‘ಗ್ಯಾಸ್ಟ್ರಿಕ್ ಬೈಪಾಸ್’ ಎಂಬ ವಿಧಾನವನ್ನು ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ ಎಂಬ ವೈದ್ಯರು ೧೯೬೬ರಲ್ಲಿ ಆರಂಭಿಸಿದರು. ಈಗ ರೂಢಿಯಲ್ಲಿರುವ ಕ್ರಮದಲ್ಲಿ, ಜಠರದ ಮೇಲ್ತುದಿಯಲ್ಲಿ ಸುಮಾರು ೩೦ ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವೊಂದನ್ನು ಬೇರ್ಪಡಿಸಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಉಳಿದ ಜಠರಕ್ಕೆ ಆಹಾರವು ಹೋಗುವುದೇ ಇಲ್ಲ. ಜಠರದ ಬಹುಭಾಗವನ್ನು ಕತ್ತರಿಸಿ ತೆಗೆಯುವ ವಿಧಾನವೂ, ಅದರ ಮೇಲ್ಭಾಗಕ್ಕೆ ಪಟ್ಟಿಯೊಂದನ್ನು ಬಿಗಿಯುವ ವಿಧಾನವೂ ಉಂಟು.

ಸಾಮಾನ್ಯವಾಗಿ ಮದ್ಯಸಾರವು ಬಹುಮಟ್ಟಿಗೆ ರಕ್ತಕ್ಕೆ ಸೇರುವುದು ಸಣ್ಣ ಕರುಳಿನಲ್ಲಿ. ಜಠರದಲ್ಲಿ ಹೀರಲ್ಪಡುವುದು ಸ್ವಲ್ಪವೇ. ಜಠರದ ಕೊನೆಯಲ್ಲಿರುವ ಕವಾಟವು ಹೆಬ್ಬಾಗಿಲಿನ ಕಾವಲುಗಾರನಂತೆ, ಒಳಗಿರುವುದನ್ನು ಸ್ವಲ್ಪಸ್ವಲ್ಪವಾಗಿ ಕರುಳಿಗೆ ಬಿಡುತ್ತದೆ. ಬೈಪಾಸ್ ಆದವರಲ್ಲಿ ಈ ಕಾವಲು ತಪ್ಪಿಹೋಗಿ, ಕುಡಿದುದು ಒಮ್ಮೆಗೇ ಕರುಳಿಗೆ ಇಳಿಯುತ್ತದೆ. ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೧೫ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೈಪಾಸ್ ಆದ ಸ್ತ್ರೀಯರ ರಕ್ತದಲ್ಲಿ ಮದ್ಯಸಾರವು ಇನ್ನೂ ಶಸ್ತ್ರಕ್ರಿಯೆಯಾಗದವರಿಗಿಂತ ಬಹು ಬೇಗನೆ, ಹೆಚ್ಚುಕಡಮೆ ಇಮ್ಮಡಿ ಮಟ್ಟಕ್ಕೆ ಏರಿತು. ಎಂದರೆ ಎರಡು ಬಟ್ಟಲು ಕುಡಿದವರ ಸ್ಥಿತಿ ನಾಲ್ಕು ಬಟ್ಟಲು ಕುಡಿದವರಂತಾಯಿತು.

ಆದರೆ ಬೇಗ ಅಮಲೇರುವುದು ಬೇರೆ, ವ್ಯಸನ ಹತ್ತುವುದು ಬೇರೆ. ಅಮೆರಿಕದ ೧೦ ಆಸ್ಪತ್ರೆಗಳ ರೋಗಿಗಳನ್ನು ಅನುಸರಿಸಿದ ಅಧ್ಯಯನವೊಂದು ೨೦೧೨ರಲ್ಲಿ ಹೊರಬಂದಿತು. ಅದರಂತೆ ಮದ್ಯವ್ಯಸನವಿದ್ದವರು ಶಸ್ತ್ರಕ್ರಿಯೆಯ ಹಿಂದಿನ ವರ್ಷ ಶೇಕಡ ೭.೬, ಅನಂತರದ ಮೊದಲ ವರ್ಷ ೭.೩, ಎರಡನೆಯ ವರ್ಷ ೯.೬. ಹಿಂದಿನ ವರ್ಷ ವ್ಯಸನದ ಲಕ್ಷಣಗಳಿಲ್ಲದಿದ್ದವರನ್ನು ಮಾತ್ರ ಎಣಿಸಿ, ಐದು ವರ್ಷಗಳ ಲೆಕ್ಕವನ್ನು ೨೦೧೭ರಲ್ಲಿ ಕೊಟ್ಟರು. ಹೊಸದಾಗಿ ಲಕ್ಷಣಗಳು ಕಂಡುದು ಬೈಪಾಸ್ ಆದವರಲ್ಲಿ ಶೇಕಡ ೨೦.೮, ಪಟ್ಟಿ ಬಿಗಿಸಿಕೊಂಡವರಲ್ಲಿ ೧೧.೩.

ಊಟದ ಚಪಲವೇ ಕುಡಿತದ ಚಪಲವಾಗಿ ಮಾರ್ಪಡುವುದಾದರೆ, ಊಟಕ್ಕೆ ಕಡಿವಾಣ ಬಿದ್ದ ಈ ಎರಡು ಗುಂಪುಗಳಲ್ಲಿ ಇಷ್ಟು ಅಂತರವೇಕೆ? ಇಲಿಗಳ ಮೇಲಿನ ಪ್ರಯೋಗಗಳು ಇದಕ್ಕೆ ಬೆಳಕು ಬೀರುತ್ತವೆ. ಬೈಪಾಸ್ ಮಾಡಿದ ಇಲಿಗಳು ಇತರ ಇಲಿಗಳಿಗಿಂತ ಹೆಚ್ಚು ಮದ್ಯಸಾರವನ್ನು ಸೇವಿಸಿದವು. ಕರುಳಿನ ಹಾದಿಯನ್ನೇ ತಪ್ಪಿಸಿ, ರಕ್ತನಾಳದ ಮೂಲಕ ಅದು ದೊರೆಯುವಂತೆ ಮಾಡಿದಾಗಲೂ ಅವೇ ಹೆಚ್ಚು ಬಯಸಿದವು. ಆದುದರಿಂದ ಹೀರಿಕೆಯ ವೇಗವೊಂದೇ ಕಾರಣವಲ್ಲ. ಜಠರ ಮತ್ತು ಕರುಳುಗಳು ಹಾರ್ಮೋನುಗಳ ಮೂಲಕ ಮಿದುಳಿಗೆ ಕಳುಹಿಸುವ ಸಂದೇಶವೂ ಬದಲಾಗುತ್ತದೆಂದು ಸಂಶೋಧಕರು ಊಹಿಸಿದ್ದಾರೆ.

ಹೀಗೆಂದು ಶಸ್ತ್ರಚಿಕಿತ್ಸೆಯೇ ಕೂಡದೆಂದಲ್ಲ. ಅದು ಅನೇಕರ ಮಧುಮೇಹವನ್ನು ಹತೋಟಿಗೆ ತರುತ್ತದೆ. ಚಿಕಿತ್ಸೆ ಪಡೆದವರಲ್ಲಿ ಮರಣಗಳು ಕಡಮೆಯೆಂಬುದು ಸ್ವೀಡನ್ನಿನ ದೀರ್ಘ ಅಧ್ಯಯನದಿಂದ ೨೦೦೭ರಲ್ಲಿ ತಿಳಿದುಬಂದಿತು. ನಾವು ನೆನಪಿನಲ್ಲಿಡಬೇಕಾದುದು ಅಪಾಯ ಬರುವ ಕಾಲವನ್ನು. ತೂಕ ಇಳಿದು, ವೈದ್ಯರ ಭೇಟಿ ವಿರಳವಾಗಿ, ಮನೆಯವರು ನಿಶ್ಚಿಂತರಾದ ಮೇಲೆಯೇ ಅದು ತಲೆದೋರುತ್ತದೆ. ಊಟ ಕಡಮೆಯಾದ ಇಂಥವರಲ್ಲಿ ಬಿ-೧ ಜೀವಸತ್ವದ ಕೊರತೆಯೂ ಸುಲಭವಾಗಿ ಉಂಟಾಗುವುದರಿಂದ, ಅದರೊಡನೆ ಮದ್ಯವೂ ಸೇರಿದರೆ ಮಿದುಳಿಗೆ ಹಾನಿ ತಟ್ಟಬಹುದು. ಮದ್ಯವನ್ನು ದೂರವಿಡುವುದೇ ಲೇಸು. ಹಿಂದಿನ ಅಳತೆಯನ್ನು ನಂಬಿ ಕುಡಿದು ವಾಹನ ನಡೆಸುವುದಂತೂ ಸಲ್ಲದು. ವ್ಯಸನದ ಸುಳಿವು ಕಂಡರೆ ಅದನ್ನು ಚಪಲವೆಂದು ಹಳಿದು ಮುಚ್ಚಿಡದೆ, ಗಾಯವೊಂದನ್ನು ತೋರಿಸುವಂತೆ, ವೈದ್ಯರಿಗೆ ತಿಳಿಸಬೇಕು.