ಕಂಬಳಿಯ ಊರು ವಿಟ್ನಿ

ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ಪಶ್ಚಿಮಕ್ಕೆ, ವಿಂಡ್‌ರಷ್ ಎಂಬ ಸಣ್ಣ ಹೊಳೆಯ ದಡದಲ್ಲಿ, ವಿಟ್ನಿ ಎಂಬ ಸಂತೆಯ ಊರುಂಟು. ಈ ಊರಿನ ಹೆಸರನ್ನು ದೂರದೇಶಗಳಿಗೆ ಒಯ್ದದ್ದು ಅಲ್ಲಿನ ಕಂಬಳಿ.

ಸಮೀಪದ ಕಾಟ್ಸ್‌ವಲ್ಡ್ ಗುಡ್ಡಗಳಲ್ಲಿ ಕುರಿಗಳು ಮೇಯುತ್ತಿದ್ದುದರಿಂದ ಉಣ್ಣೆಗೆ ಬರವಿರಲಿಲ್ಲ. ಹೊಳೆಯ ನೀರೂ ಅಷ್ಟೇ ಮುಖ್ಯವಾಗಿತ್ತು. ಮಗ್ಗದಿಂದ ಇಳಿದ ಬಟ್ಟೆ ಸಡಿಲವಾಗಿರುತ್ತದೆ. ಅದನ್ನು ನೆನೆಸಿ, ನೀರಿನ ಚಕ್ರದ ಬಲದಿಂದ ಏಳುತ್ತ ಬೀಳುತ್ತಿದ್ದ ಮರದ ಕೊಡತಿಗಳಿಂದ ಬಡಿಯುತ್ತಿದ್ದರು. ಆಗ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆಯು ಕುಗ್ಗಿ ದಪ್ಪವಾಗುತ್ತಿತ್ತು. ಬಳಿಕ ಕೊಕ್ಕೆಗಳಿದ್ದ ಉದ್ದನೆಯ ಚೌಕಟ್ಟುಗಳಿಗೆ ಬಿಗಿದು ಬಯಲಿನಲ್ಲಿ ಒಣಗಿಸುತ್ತಿದ್ದರು.

ಹೆಸರು ಗಳಿಸಿದರೆ ಸಾಲದು, ಉಳಿಸಿಕೊಳ್ಳಬೇಕಷ್ಟೆ. 1711ರಲ್ಲಿ ಇಲ್ಲಿನ ಕಂಬಳಿ ನೇಕಾರರ ಸಂಘಕ್ಕೆ ಆನ್ ರಾಣಿಯ ಸನ್ನದು ದೊರೆಯಿತು. 1721ರಲ್ಲಿ ‘ಕಂಬಳಿ ಭವನ’ ಎದ್ದಿತು. ನೇಕಾರರು ತಂದ ಕಂಬಳಿಗಳನ್ನು ಅಲ್ಲಿ ಅಳೆದು, ತೂಗಿ, ಮುದ್ರೆಯೊತ್ತುತ್ತಿದ್ದರು. ಉತ್ತರ ಅಮೆರಿಕದ ಹಡ್ಸನ್ಸ್ ಬೇ ಕಂಪನಿಯು ವಿಟ್ನಿಯ ಕಂಬಳಿಗಳನ್ನು ತರಿಸಿ, ಬೀವರ್ ಮೊದಲಾದ ಪ್ರಾಣಿಗಳ ತುಪ್ಪುಳುಚರ್ಮಕ್ಕೆ ಬದಲಾಗಿ ಕೊಡುತ್ತಿತ್ತು. ಅವುಗಳ ಅಂಚಿನಲ್ಲಿ ನೇಯ್ದ ಪುಟ್ಟ ಗೆರೆಗಳ ಎಣಿಕೆಯಿಂದಲೇ ಕಂಬಳಿಯ ಅಳತೆ ತಿಳಿಯುತ್ತಿತ್ತು.

ಮುದ್ರೆಯು ಕಳಪೆ ಕಂಬಳಿಯನ್ನು ತಡೆಯಬಲ್ಲದು. ಕಂಬಳಿಯೇ ಬೇಡವೆನ್ನುವ ಕಾಲವನ್ನು ತಡೆಯಲಾರದು. 20ನೆಯ ಶತಮಾನದ ಉತ್ತರಾರ್ಧದಲ್ಲಿ ಮನೆಯನ್ನೆಲ್ಲ ಬೆಚ್ಚಗಿಡುವ ಯಂತ್ರಗಳೂ ಹಗುರವಾದ ಹೊಸ ಹೊದಿಕೆಗಳೂ ಬಂದವು. ಮೂರು ಶತಮಾನಗಳಿಗೂ ಮೀರಿ ಈ ಕಸುಬು ನಡೆಸಿದ್ದ ಅರ್ಲಿ ಮನೆತನದ ಹೆಸರಿನ ಗಿರಣಿ 2002ರಲ್ಲಿ ಮುಚ್ಚಿತು. ಅಲ್ಲಿ ಈಗ ವಾಸದ ಮನೆಗಳೆದ್ದಿವೆ. ಕಂಬಳಿ ಭವನ ಇಂದಿಗೂ ನಿಂತಿದೆ. ಊರಿನ ಸಂತೆಯೂ ಎಂದಿನಂತೆ ಕೂಡುತ್ತದೆ.