ಮಳೆ ಕಾಯುವವರ ಎದೆಉರಿ

ಒಣಭೂಮಿ ಬೇಸಾಯಗಾರರು ನಾಲ್ಕು ಜನ ಸೇರಿದರೆ ಮಳೆ ಮಾತು ಮುಗಿದ ಮೇಲೆ ಬರುವುದು ಗ್ಯಾಸು, ಹುಳಿ ತೇಗು, ಎದೆಉರಿಯ ಮಾತು. ಒಂದು ಮಾತ್ರೆ ನುಂಗಿದರೆ ಎರಡು ದಿನ ಆರಾಮ. ಮತ್ತೆ ಅದೇ ಉರಿ. ಎಲ್ಲರೂ ತಪ್ಪು ಹೊರಿಸುವುದು ಖಾರದ ಮೇಲೆ.

ಆಯುರ್ವೇದದಲ್ಲಿ ಇದಕ್ಕೆ ಅಮ್ಲಪಿತ್ತ ಅಂತ ಹೆಸರು. ಪಿತ್ತ ಕೆಟ್ಟು ಹುಳಿಯಾಗುವುದು ಅಂತ ಅರ್ಥ. ಕಾಶ್ಯಪ ಸಂಹಿತೆ ಮತ್ತು ಮಾಧವ ನಿದಾನದಲ್ಲಿ ಇದರ ವಿವರ ಸಿಗುತ್ತದೆ. ನೀರು, ಜೌಗು ಹೆಚ್ಚಿರುವ ನಾಡಿನಲ್ಲಿ ಈ ಕಾಯಿಲೆ ಜಾಸ್ತಿ ಅನ್ನುತ್ತದೆ ಕಾಶ್ಯಪ ಸಂಹಿತೆ. ನಮ್ಮ ಯಲಹಂಕ, ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯದು ಒಣ ಕೆಂಪು ಮಣ್ಣಿನ ರಾಗಿ ಸೀಮೆ. ಆ ಲೆಕ್ಕದಲ್ಲಿ ನಮಗೆ ಕಡಿಮೆ ಇರಬೇಕಿತ್ತು. ಆದರೂ ಯಾಕೆ ಬರುತ್ತೆ?

ಹೊತ್ತು ತಪ್ಪಿದ ಊಟ

ನನ್ನ ಮನೆ ಅಲ್ಲಾಳಸಂದ್ರ. ಊರು ಈಗ ಬೆಂಗಳೂರಿನ ಒಳಗೇ ಸೇರಿಹೋಗಿದೆ. ರಾಗಿ, ಅವರೆ ಬೆಳೆಯುವ ಹೊಲ ದೊಡ್ಡಬಳ್ಳಾಪುರದ ಕಡೆ. ನಮ್ಮಂಥವರ ದಿನ ನೋಡಿ. ನಸುಕಿಗೇ ಬಸ್ಸು. ಬರೀ ಹೊಟ್ಟೆಗೆ ಎರಡು ಟೀ, ಕೆಲವರಿಗೆ ಮೇಲೊಂದು ಬೀಡಿ. ಮಧ್ಯಾಹ್ನ 2ಕ್ಕೆ ಹೊಟ್ಟೆ ಬಿರಿಯೋ ಹಾಗೆ ಮುದ್ದೆ, ಉಂಡ ಕೂಡಲೇ ಮರದಡಿ ನಿದ್ದೆ. ರಾತ್ರಿ 10ಕ್ಕೆ ಊಟ, ಹಿಂದೆಯೇ ಹಾಸಿಗೆ. ಹಳೇ ಗ್ರಂಥಗಳು ಹೇಳುವ ಕಾರಣಗಳೂ ಇವೇ: ಮೊದಲಿನದು ಅರಗುವ ಮುಂಚೆ ಉಣ್ಣುವುದು, ಹಗಲು ನಿದ್ದೆ, ಮಲಮೂತ್ರ ತಡೆಯುವುದು.

ಚಿಂತೆಯೂ ಕಾರಣ

ಹಿತವಾದ ಅನ್ನವನ್ನು ಮಿತವಾಗಿ ಉಂಡರೂ ಚಿಂತೆ, ದುಃಖ, ಭಯ, ಸಿಟ್ಟು, ನಿದ್ದೆಗೇಡು ಇದ್ದವನಿಗೆ ಅರಗುವುದಿಲ್ಲ ಎಂಬುದು ಚರಕ ಸಂಹಿತೆಯ ಅಭಿಪ್ರಾಯ. 2023ರಲ್ಲಿ ಇದು ನನಗೆ ಚೆನ್ನಾಗಿ ಅರ್ಥವಾಯಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ನಾನು ಉಂಡದ್ದು ಅದೇ ಮುದ್ದೆ, ಅದೇ ಉಪ್ಪೆಸರು. ಖಾರ ಹೆಚ್ಚಿರಲಿಲ್ಲ. ಹೊಲದಲ್ಲಿ ಪೈರು ಒಣಗುತ್ತಿತ್ತು, ಸಾಲದ ಕಂತು ಹತ್ತಿರ ಬರುತ್ತಿತ್ತು, ರಾತ್ರಿ ನಿದ್ದೆ ಇರಲಿಲ್ಲ. ಉರಿ ಗಂಟಲಿಗೆ ಬರುತ್ತಿತ್ತು.

ನಾನು ಪಾಲಿಸುತ್ತಿರುವುದು

ಮಳೆ ನಮ್ಮ ಕೈಲಿಲ್ಲ. ಊಟದ ಹೊತ್ತು ನಮ್ಮ ಕೈಲಿದೆ.

ಹೊರಡುವ ಮುಂಚೆ ಒಂದು ಲೋಟ ರಾಗಿ ಗಂಜಿ, ಹುಳಿಯಿಲ್ಲದ ಹೊಸ ಮಜ್ಜಿಗೆ ಬೆರೆಸಿ ಕುಡಿಯುತ್ತೇನೆ. ಟೀ ಆಮೇಲೆ.

ಹೊಟ್ಟೆಯಲ್ಲಿ ಅರ್ಧ ಭಾಗ ಅನ್ನಕ್ಕೆ, ಕಾಲು ಭಾಗ ನೀರಿಗೆ, ಕಾಲು ಭಾಗ ಖಾಲಿ. ಇದು ಆಯುರ್ವೇದದ ಅಳತೆ.

ರಾತ್ರಿ ಊಟ ಏಳೂವರೆಗೆ. ಮಲಗುವುದಕ್ಕೆ ಎರಡು ಮೂರು ಗಂಟೆ ಅಂತರ ಇರಬೇಕು. ಇಂಗ್ಲಿಷ್ ಡಾಕ್ಟರುಗಳೂ ಇದನ್ನೇ ಹೇಳುತ್ತಾರೆ.

ಹುರುಳಿ ಉಷ್ಣ, ಪಿತ್ತ ಹೆಚ್ಚಿಸುತ್ತದೆ. ಉರಿ ಇರುವಾಗ ಹುರುಳಿ ಸಾರು ಬೇಡ. ಹುಳಿ ಪದಾರ್ಥವೂ ಪಿತ್ತಕ್ಕೆ ಆಗದು. ಆದರೆ ಬೆಟ್ಟದ ನೆಲ್ಲಿ, ದಾಳಿಂಬೆಗೆ ವಿನಾಯಿತಿ ಇದೆ. ನೆಲ್ಲಿ ಒಣಭೂಮಿಗೆ ಹೇಳಿಮಾಡಿಸಿದ ಮರ. ಬದುವಿನಲ್ಲಿ ಎರಡಿದ್ದರೆ ಮನೆಗೆ ಸಾಕು.

ಸಾಲದ ಲೆಕ್ಕ ರಾತ್ರಿ ತೆಗೆಯುವುದಿಲ್ಲ. ಭಾನುವಾರ ಬೆಳಿಗ್ಗೆ ಮನೆಯವರ ಜತೆ ಕೂತು ನೋಡುತ್ತೇವೆ. ಸಾಲ ಅಷ್ಟೇ ಇದೆ, ನಿದ್ದೆ ಬರುತ್ತಿದೆ.

ಎಲ್ಲಾ ಉರಿಯೂ ಇದೇ ಅಲ್ಲ

ಹೊಟ್ಟೆಯ ಹುಣ್ಣು ಬೇರೆ. ಅದರ ಹಿಂದೆ ಬಹಳ ಸಲ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯ ಇರುತ್ತದೆ. ಇದನ್ನು ತೋರಿಸಿಕೊಟ್ಟ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಅದಕ್ಕೆ ಔಷಧಿಯೇ ಬೇಕು, ಪಥ್ಯ ಸಾಲದು. ಮೈಕೈ ನೋವಿಗೆ ದಿನವೂ ನುಂಗುವ ಮಾತ್ರೆಯಿಂದಲೂ ಹುಣ್ಣಾಗುತ್ತದೆ. ಕೂಲಿ ಕೆಲಸದವರು ಇದನ್ನು ಗಮನಿಸಬೇಕು.

ಮಲ ಟಾರಿನ ಹಾಗೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ನುಂಗಲು ಕಷ್ಟವಾದರೆ, ತೂಕ ಇಳಿದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಎದೆನೋವಿನ ಜತೆ ಬೆವರು, ಎಡಗೈ ಸೆಳೆತ ಇದ್ದರೆ ಗ್ಯಾಸು ಅಂತ ಸೋಡಾ ಕುಡಿದು ಕೂರಬೇಡಿ. ಅದು ಹೃದಯದ್ದಿರಬಹುದು. ಕೂಡಲೇ ಆಸ್ಪತ್ರೆಗೆ ಹೊರಡಿ.