ಒರೆಸಿದ ಗುರುತು

ಪರದೆಯ ಮೇಲೆ ಒಂದೇ ತಲೆಯ ಮೂರು ಚಿತ್ರ. ಸಿ.ಟಿ.ಯಲ್ಲಿ ತಲೆಬುರುಡೆ ಸುಣ್ಣ ಬಳಿದ ಬಳೆಯ ಹಾಗೆ ಬೆಳ್ಳಗಿದೆ, ಒಳಗಿನ ಮಿದುಳೆಲ್ಲ ಬೂದಿ. ಎಂ.ಆರ್.ಐ.ಯಲ್ಲಿ ಮೂಳೆ ಕಪ್ಪಿಗೆ ತಿರುಗಿ, ಮಿದುಳಿನ ಮಡಿಕೆಗಳು ಒಂದೊಂದಾಗಿ ಬಿಡಿಸಿಕೊಂಡಿವೆ. ಪೆಟ್ ಸ್ಕ್ಯಾನ್ ಮಾತ್ರ ಮಂಜು ಕವಿದ ಊರಿನ ದೀಪಗಳಂತೆ ಮಸುಕು ಮಸುಕು. ಕಂಪ್ಯೂಟರ್ ಇವನ್ನು ತುಸು ಸರಿಸಿ, ತುಸು ತಿರುಗಿಸಿ, ಒಂದರ ಮೇಲೊಂದು ಕೂರಿಸುತ್ತದೆ.

ಸರಿಯಾಗಿ ಕೂತಿತೆಂದು ಯಾರು ಹೇಳಬೇಕು?

1990ರ ದಶಕದಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಫಿಟ್ಸ್‌ಪ್ಯಾಟ್ರಿಕ್, ಜೇ ವೆಸ್ಟ್ ಮತ್ತು ಸಂಗಡಿಗರು ಇದಕ್ಕೆ ಕಂಡುಕೊಂಡ ದಾರಿಯ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ಶಸ್ತ್ರಚಿಕಿತ್ಸೆಗೆ ಬಂದ ರೋಗಿಗಳ ಬುರುಡೆಯಲ್ಲಿ ಪುಟ್ಟ ಗುರುತುಗಳನ್ನು ನೆಟ್ಟಿದ್ದರು. ಚರ್ಮಕ್ಕೆ ಅಂಟಿಸಿದ್ದು ಜಾರುತ್ತದೆ, ಮೂಳೆಗೆ ನೆಟ್ಟಿದ್ದು ಅಲುಗದು. ಗುರುತಿಗೆ ಗುರುತು ಕೂಡಿಸಿದರೆ ಸರಿಯುತ್ತರ ಕೈಯಲ್ಲಿ. ಆಮೇಲೆ ಚಿತ್ರಗಳಿಂದ ಆ ಗುರುತುಗಳ ಸುಳಿವೇ ಸಿಗದಂತೆ ಒರೆಸಿ, ಬೇರೆ ಕಡೆಯ ಸಂಶೋಧಕರಿಗೆ ಇಂಟರ್‌ನೆಟ್‌ನಲ್ಲಿ ಕಳಿಸಿದರು. ಉತ್ತರ ಕಾಣದೆ ಲೆಕ್ಕ ಬಿಡಿಸಬೇಕಾದದ್ದು ಅವರ ಪಾಡು. ಮಿದುಳಿನ ಮುಖ್ಯ ಜಾಗಗಳಲ್ಲಿ ಅವರ ಉತ್ತರ ಎಷ್ಟು ದೂರ ತಪ್ಪಿತೆಂದು ವ್ಯಾಂಡರ್‌ಬಿಲ್ಟ್‌ನಲ್ಲಿ ಅಳೆದರು.

1997ರಲ್ಲಿ ಫಲಿತಾಂಶ ಬಂತು. ಬಹಳಷ್ಟು ಸಲ ವಿಧಾನಗಳು ಒಳ್ಳೆಯ ಉತ್ತರವನ್ನೇ ಕೊಟ್ಟಿದ್ದವು. ಆದರೆ ನಡುನಡುವೆ ದೊಡ್ಡ ತಪ್ಪುಗಳೂ ನುಸುಳಿದ್ದವು. ಹಾಗಾಗಿ, ಪ್ರತಿ ಜೋಡಣೆಯನ್ನೂ ಮನುಷ್ಯ ಕಣ್ಣಿಂದ ನೋಡಲೇಬೇಕು ಎಂದು ಅವರು ಬರೆದರು.

ಆ ನೋಟವೂ ಸುಲಭದ್ದಲ್ಲ. ಎರಡು ಚಿತ್ರಗಳನ್ನು ಚೌಕ ಚೌಕವಾಗಿ ಕತ್ತರಿಸಿ, ಒಂದು ಬಿಟ್ಟು ಒಂದರಂತೆ ಹೆಣೆದು ತೋರಿಸುತ್ತಾರೆ. ಚೌಕುಳಿ ಬಟ್ಟೆಗೆ ಜೇಬು ಹೊಲಿಯುವ ದರ್ಜಿ ಗೆರೆಗೆ ಗೆರೆ ಕೂಡಿತೇ ಎಂದು ನೋಡುವ ಹಾಗೆ ಇಲ್ಲಿಯೂ ನೋಡಬೇಕು. ತಲೆಯ ನಡುಮಧ್ಯ ಎಲ್ಲ ನೇರವಾಗಿಯೇ ಕಾಣಬಹುದು, ಮೋಸ ಹೋಗುವುದು ಅಲ್ಲೇ. ಒಂದೇ ಒಂದು ಡಿಗ್ರಿ ತಿರುಗಿದ್ದರೂ ಅಲ್ಲಿಂದ 8 ಸೆಂಟಿಮೀಟರ್ ಆಚೆಗೆ ತಪ್ಪು ಸುಮಾರು 1.4 ಮಿಲಿಮೀಟರ್ ಆಗಿರುತ್ತದೆ. ವಿಕಿರಣ ಚಿಕಿತ್ಸೆಯಲ್ಲಿ ಗೆಡ್ಡೆಯ ಅಂಚಿಗೆ ಕಣ್ಣಿನ ನರ ತಾಗಿಕೊಂಡಿದ್ದರೆ ಆ ಮಿಲಿಮೀಟರ್ ಸಣ್ಣದಲ್ಲ.

ಮಿದುಳಿನೊಳಗಿನ ನೀರಿನ ಕೋಣೆಯ ಅಂಚು ಒಂದು ಚೌಕದಿಂದ ಇನ್ನೊಂದಕ್ಕೆ ದಾಟುವಲ್ಲಿ ಕೂದಲೆಳೆಯಷ್ಟು ಮುರಿದಿದೆ. ಮೌಸ್ ಹಿಡಿದ ಕೈ ಅಲ್ಲೇ ನಿಲ್ಲುತ್ತದೆ.